ಕೈರೋದ ಬೆಕ್ಕಿನ ತೋಟ: ಕರುಣೆಯ ಜೊತೆಗಿರಬೇಕಾದ ಹೊಣೆ

ಕ್ರಿ.ಶ. 1260ರಿಂದ 1277ರವರೆಗೆ ಈಜಿಪ್ಟ್ ಮತ್ತು ಸಿರಿಯಾಗಳನ್ನು ಆಳಿದ ಮಮ್ಲೂಕ್ ಸುಲ್ತಾನ ಝಾಹಿರ್ ಬೈಬರ್ಸ್‌ನನ್ನು ಇತಿಹಾಸವು ಮುಖ್ಯವಾಗಿ ಒಬ್ಬ ಯೋಧನೆಂದೇ ನೆನೆಯುತ್ತದೆ. ಬಗ್ದಾದನ್ನು ಸುಟ್ಟು ಬೂದಿ ಮಾಡಿದ ಮಂಗೋಲರನ್ನು 1260ರಲ್ಲಿ ಐನ್ ಜಾಲೂತ್‌ನ ಬಯಲಿನಲ್ಲಿ ತಡೆದು ನಿಲ್ಲಿಸಿದ ಸೇನಾನಿಗಳಲ್ಲಿ ಆತನೂ ಒಬ್ಬ. ಗುಲಾಮನಾಗಿ ಮಾರಾಟವಾಗಿ, ಸೈನಿಕನಾಗಿ ಬೆಳೆದು, ಸುಲ್ತಾನನಾದ ಆ ಕಠೋರ ಮನುಷ್ಯನ ಹೆಸರಿನೊಂದಿಗೆ ಕೈರೋದ ಜನರು ಇನ್ನೊಂದು ಸಂಗತಿಯನ್ನೂ ಸೇರಿಸಿ ಹೇಳುತ್ತಿದ್ದರು. ನಗರದ ಉತ್ತರಕ್ಕೆ ತಾನು ಕಟ್ಟಿಸಿದ ಮಸೀದಿಯ ಸಮೀಪದಲ್ಲಿದ್ದ ಒಂದು ತೋಟವನ್ನು ಆತನು ನಗರದ ಅನಾಥ ಬೆಕ್ಕುಗಳಿಗಾಗಿ ವಕ್ಫ್ ಮಾಡಿದ್ದನು. ಆ ತೋಟದ ಹೆಸರು ‘ಗೈತುಲ್ ಖಿತ್ತಾ’, ಅಂದರೆ ಬೆಕ್ಕಿನ ತೋಟ.

ಈ ತೋಟದ ಕಥೆಯನ್ನು ನಾವು ಇಂದು ನೆನಪಿಸಿಕೊಳ್ಳಲು ಕಾರಣವಿದೆ. ನಮ್ಮ ನಗರಗಳಲ್ಲಿ ಬೀದಿಯ ಬೆಕ್ಕಿನ ಮರಿಗಳನ್ನು ಎತ್ತಿ, ಹಾಲುಣಿಸಿ, ಚಿಕಿತ್ಸೆ ಕೊಡಿಸಿ, ಸಾಕುವ ಮನೆಗಳನ್ನು ಹುಡುಕಿ ಒಪ್ಪಿಸುವ ಸ್ವಯಂಸೇವಕರು ಇಂದು ಇದ್ದಾರೆ. ನಮ್ಮ ಸಮುದಾಯದ ಮಕ್ಕಳೂ ಇಂಥವರಿಂದ ಮರಿಗಳನ್ನು ತರಲು ಹಂಬಲಿಸುತ್ತಾರೆ. ಮನೆಯ ಹಿರಿಯರಲ್ಲಿ ಕೆಲವರು ‘ಬೆಕ್ಕು ಶುದ್ಧ ಪ್ರಾಣಿ, ಏನೂ ಆಗುವುದಿಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ಬೆಕ್ಕಿನಿಂದ ರೋಗ ಬರುತ್ತದೆ, ಬಸುರಿಯಿರುವ ಮನೆಗೆ ಬೇಡವೇ ಬೇಡ’ ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಮೊದಲನೆಯ ಅರ್ಧಸತ್ಯದಿಂದ ಮನುಷ್ಯರಿಗೆ ಹಾನಿಯಾಗುತ್ತದೆ. ಎರಡನೆಯದರಿಂದ, ಸಾಕಿದ ಪ್ರಾಣಿ ಮತ್ತೆ ಬೀದಿಗೆ ಬೀಳುತ್ತದೆ.

ಬುನಾದಿಯಾದ ಬೋಧನೆ

ಸುಲ್ತಾನನೊಬ್ಬನಿಗೆ ಬೆಕ್ಕುಗಳಿಗಾಗಿ ತೋಟ ಬಿಟ್ಟುಕೊಡುವ ಆಲೋಚನೆ ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ಹದೀಸ್ ಗ್ರಂಥಗಳಲ್ಲಿದೆ. ಇಮಾಮ್ ಮಾಲಿಕ್‌ರ ಮುವತ್ತಾ, ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಬರುವ ಒಂದು ಘಟನೆ ಹೀಗಿದೆ. ಸಹಾಬಿ ಅಬೂ ಖತಾದಾ(ರ)ರು ಮನೆಗೆ ಬಂದಾಗ ಸೊಸೆ ಕಬ್ಶಾ ಅವರು ವುಝೂವಿಗೆ ನೀರು ಇಟ್ಟರು. ಬೆಕ್ಕೊಂದು ಬಂದು ನೀರಿಗೆ ಬಾಯಿ ಹಾಕಿದಾಗ ಅವರು ಅದನ್ನು ಓಡಿಸಲಿಲ್ಲ. ಅದು ಸುಲಭವಾಗಿ ಕುಡಿಯಲೆಂದು ಪಾತ್ರೆಯನ್ನು ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲವೆಂದೂ ಅದು ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವಿಯೆಂದೂ ಪ್ರವಾದಿ(ಸ)ರು ಹೇಳಿರುವುದನ್ನು ತಿಳಿಸಿದರು. ಮನೆಯೊಳಗೆ ಸದಾ ಸುಳಿದಾಡುವ ಪ್ರಾಣಿಯಿಂದ ಪಾತ್ರೆ-ಪಡಗಗಳನ್ನು ಕಾಪಾಡುವುದು ಕಷ್ಟವಾದುದರಿಂದ ಈ ವಿನಾಯಿತಿ ದೊರೆಯಿತೆಂದು ಕರ್ಮಶಾಸ್ತ್ರಜ್ಞರು ವಿವರಿಸುತ್ತಾರೆ.

ಹಿಜರಿ ಏಳನೆಯ ವರ್ಷದಲ್ಲಿ, ಖೈಬರಿನ ಕಾಲಕ್ಕೆ, ಮದೀನಾಕ್ಕೆ ಬಂದು ಸೇರಿದ ದೌಸ್ ಗೋತ್ರದ ಯುವಕನೊಬ್ಬನಿಗೆ ಬೆಕ್ಕಿನಿಂದಲೇ ಹೆಸರು ಬಂದಿತು. ಮನೆಯವರ ಕುರಿಗಳನ್ನು ಕಾಯುತ್ತಿದ್ದಾಗ ತನ್ನ ಬಳಿಯಲ್ಲೊಂದು ಪುಟ್ಟ ಬೆಕ್ಕು ಇತ್ತು, ರಾತ್ರಿ ಅದನ್ನು ಮರದ ಮೇಲಿಡುತ್ತಿದ್ದೆ, ಹಗಲು ಅದರೊಡನೆ ಆಡುತ್ತಿದ್ದೆ, ಹಾಗಾಗಿ ಈ ಹೆಸರು ಬಂದಿತೆಂದು ಅವರೇ ಹೇಳಿರುವುದು ತಿರ್ಮಿದಿಯಲ್ಲಿದೆ. ಅತ್ಯಧಿಕ ಹದೀಸ್‌ಗಳನ್ನು ವರದಿ ಮಾಡಿದ ಅಬೂ ಹುರೈರಾ(ರ)ರು ಅವರೇ.

ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ನೆಲದ ಹುಳುಹುಪ್ಪಟೆಗಳನ್ನು ತಾನೇ ಹುಡುಕಿ ತಿನ್ನಲು ಬಿಡದೆ ಕೊಂದ ಸ್ತ್ರೀಯ ಶಿಕ್ಷೆಯ ಕುರಿತಾದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳೆರಡರಲ್ಲಿಯೂ ಇದೆ. ಇದರ ತಿರುಳನ್ನು ಗಮನಿಸಬೇಕು. ಆಕೆಯ ಅಪರಾಧ ಬೆಕ್ಕನ್ನು ಸಾಕದೆ ಇದ್ದುದಲ್ಲ. ಅದರ ಸ್ವಾತಂತ್ರ್ಯವನ್ನು ಕಸಿದುಕೊಂಡ ಮೇಲೆ ಅದರ ಹೊಣೆ ಹೊರದೆ ಇದ್ದುದು. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಬಾಗಿಲು ಮುಚ್ಚಿ ಬೆಕ್ಕು ಸಾಕುವವರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಪ್ರವಾದಿ(ಸ)ರ ಅಂಗಿಯ ತೋಳಿನ ಮೇಲೆ ‘ಮುಅಝ್ಝಾ’ ಎಂಬ ಬೆಕ್ಕು ಮಲಗಿತ್ತೆಂದೂ ಅದನ್ನು ಎಬ್ಬಿಸದಿರಲು ಅವರು ತೋಳನ್ನೇ ಕತ್ತರಿಸಿದರೆಂದೂ ಹೇಳುವ ಕಥೆ ನಮ್ಮ ಮೊಬೈಲುಗಳಲ್ಲಿ ಬಹಳವಾಗಿ ಹರಿದಾಡುತ್ತದೆ. ಪ್ರಮಾಣಬದ್ಧ ಹದೀಸ್ ಸಂಗ್ರಹಗಳಲ್ಲಿ ಈ ಕಥೆಯಿಲ್ಲ. ಇದನ್ನು ಹೋಲುವ ಘಟನೆಯೊಂದನ್ನು 12ನೆಯ ಶತಮಾನದ ಸೂಫಿವರ್ಯ ಅಹ್ಮದ್ ರಿಫಾಈ ಅವರ ಬಗ್ಗೆ ಹೇಳಲಾಗುತ್ತದೆ. ಬೆಕ್ಕಿನ ಪ್ರೀತಿಯು ಈಮಾನಿನ ಭಾಗವೆಂಬ ಮಾತನ್ನು ಕೂಡ ವಿದ್ವಾಂಸರು ಕಲ್ಪಿತ ಹದೀಸ್‌ಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಸತ್ಯವಾದ ವರದಿಗಳೇ ಸಾಕಷ್ಟಿರುವಾಗ ಕಲ್ಪಿತವಾದವುಗಳ ಆಸರೆ ನಮಗೆ ಬೇಕಿಲ್ಲ.

ಮಸೀದಿಯ ಮಾಳಿಗೆಯ ಕುರುಡು ಬೆಕ್ಕು

ಬೈಬರ್ಸ್‌ನ ಕಾಲದಲ್ಲಿ ಡಮಾಸ್ಕಸ್ಸಿನ ಮುಖ್ಯ ಖಾಝಿಯಾಗಿದ್ದ ಇಬ್ನ್ ಖಲ್ಲಿಕಾನರು ತಮ್ಮ ಪ್ರಸಿದ್ಧ ಜೀವನಚರಿತ್ರೆಗಳ ಕೋಶದಲ್ಲಿ ಇಬ್ನ್ ಬಾಬ್‌ಶಾದ್ ಎಂಬ ವ್ಯಾಕರಣಕಾರರ ವೃತ್ತಾಂತವನ್ನು ದಾಖಲಿಸಿದ್ದಾರೆ. ಅವರು ಈಜಿಪ್ಟಿನ ಫಾತಿಮೀ ಆಡಳಿತದ ಪತ್ರಾಲಯದಲ್ಲಿ ಓಲೆಗಳ ಭಾಷೆಯನ್ನು ತಿದ್ದುವ ಅಧಿಕಾರಿಯಾಗಿದ್ದರು, ಮರಣಹೊಂದಿದ್ದು 1077ರಲ್ಲಿ. ಒಮ್ಮೆ ಅವರು ಗೆಳೆಯರೊಂದಿಗೆ ಮಸೀದಿಯ ಮಾಳಿಗೆಯ ಮೇಲೆ ಊಟ ಮಾಡುತ್ತಿದ್ದಾಗ ಬೆಕ್ಕೊಂದು ಬಂದಿತು. ಕೊಟ್ಟ ತುತ್ತನ್ನು ಕಚ್ಚಿಕೊಂಡು ಹೋಗಿ ಮತ್ತೆ ಬಂದಿತು. ಮತ್ತೆ ಕೊಟ್ಟರೆ ಮತ್ತೆ ಒಯ್ದಿತು. ಇಷ್ಟೆಲ್ಲ ಒಂದೇ ಬೆಕ್ಕು ತಿನ್ನಲಾರದೆಂದು ಸಂಶಯಪಟ್ಟು ಹಿಂಬಾಲಿಸಿ ನೋಡಿದಾಗ, ಅಲ್ಲಿ ಇನ್ನೊಂದು ಕುರುಡು ಬೆಕ್ಕಿತ್ತು. ಮೊದಲನೆಯದು ಅದರ ಮುಂದೆ ಆಹಾರವನ್ನು ತಂದಿಡುತ್ತಿತ್ತು. ಮಾತು ಬಾರದ ಪ್ರಾಣಿಗೂ ಅಲ್ಲಾಹನು ಇನ್ನೊಂದು ಪ್ರಾಣಿಯ ಮೂಲಕ ಅನ್ನ ಒದಗಿಸುವಾಗ ತನ್ನನ್ನು ಹೇಗೆ ಕೈಬಿಟ್ಟಾನು ಎಂದು ಯೋಚಿಸಿದ ಅವರು ಹುದ್ದೆಯನ್ನು ತೊರೆದು ವಿದ್ಯೆ ಮತ್ತು ಆರಾಧನೆಗಳಲ್ಲಿ ತೊಡಗಿದರು.

ಈ ವೃತ್ತಾಂತವನ್ನು ಸಾಮಾನ್ಯವಾಗಿ ತವಕ್ಕುಲ್‌ನ ಪಾಠವೆಂದು ಹೇಳಲಾಗುತ್ತದೆ. ಅದು ಸರಿಯೇ. ಆದರೆ ಆ ಮೊದಲ ಬೆಕ್ಕನ್ನೂ ನಾವು ಮರೆಯಬಾರದು. ಒಂದು ಜೀವದ ಅನ್ನ ಇನ್ನೊಂದು ಜೀವದ ದಿನನಿತ್ಯದ ಓಡಾಟದಿಂದಲೇ ಬಂದು ತಲುಪಿತು.

ತೋಟ ಏನಾಯಿತು?

ವಕ್ಫ್ ಎಂದರೆ ಆಸ್ತಿಯ ಒಡೆತನವನ್ನು ಅಲ್ಲಾಹನಿಗೆ ಬಿಟ್ಟು, ಅದರ ಉತ್ಪನ್ನವನ್ನು ಗೊತ್ತುಪಡಿಸಿದ ಸತ್ಕಾರ್ಯಕ್ಕೆ ಶಾಶ್ವತವಾಗಿ ಮೀಸಲಿಡುವುದು. ಬೆಕ್ಕಿನ ತೋಟವೂ ಹಾಗೆ ಶಾಶ್ವತವಾಗಿರಬೇಕಿತ್ತು. 19ನೆಯ ಶತಮಾನದಲ್ಲಿ ಕೈರೋದಲ್ಲಿ ವಾಸವಾಗಿದ್ದ ಆಂಗ್ಲ ವಿದ್ವಾಂಸ ಎಡ್ವರ್ಡ್ ಲೇನ್ ಅವರು ಈಜಿಪ್ಟಿನ ಜನಜೀವನದ ಬಗ್ಗೆ 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ಅವಸ್ಥೆಯನ್ನು ಬರೆದಿದ್ದಾರೆ. ಪ್ರತಿದಿನ ಅಸರ್ ಹೊತ್ತಿಗೆ ಖಾಝಿಯ ನ್ಯಾಯಾಲಯದ ಮುಂದಿನ ದೊಡ್ಡ ಅಂಗಳಕ್ಕೆ ಕಸಾಯಿಯ ಕರುಳು-ಕಸರುಗಳನ್ನು ತಂದು, ಬೆಕ್ಕುಗಳನ್ನು ಕರೆದು ತಿನ್ನಿಸುವ ಪದ್ಧತಿ ಆಗಲೂ ಉಳಿದಿತ್ತು. ಆದರೆ ತೋಟ ಉಳಿದಿರಲಿಲ್ಲ. ದುರಸ್ತಿಗೆ ಬಹಳ ಖರ್ಚಾಗುತ್ತದೆಂಬ ನೆಪವೊಡ್ಡಿ ಉಸ್ತುವಾರಿಗಳು ಅದನ್ನು ಮಾರಿದ್ದರು. ಕೊಂಡವರು ಮತ್ತೆ ಮಾರಿದ್ದರು. ಕೊನೆಗೆ ಬೆಕ್ಕುಗಳ ಪಾಲಿಗೆ ಉಳಿದದ್ದು ವರ್ಷಕ್ಕೆ 15 ಪಿಯಾಸ್ತರ್‌ಗಳ ನೆಲಗೇಣಿ ಮಾತ್ರ. ಉಳಿದ ಖರ್ಚೆಲ್ಲ ವಕ್ಫ್‌ಗಳ ಪಾಲಕನಾದ ಖಾಝಿಯ ತಲೆಯ ಮೇಲೆ ಬಿದ್ದಿತ್ತು, ಆ ಕೆಲಸವೂ ಬರಬರುತ್ತಾ ಅರೆಬರೆಯಾಗಿತ್ತು.

ಲೇನ್ ಬರೆದ ಇನ್ನೊಂದು ವಿವರ ನಮ್ಮನ್ನು ಹೆಚ್ಚು ಚುಚ್ಚಬೇಕು. ತಮ್ಮ ಮನೆಯ ಬೆಕ್ಕು ಬೇಡವಾದಾಗ ಕೈರೋದ ಅನೇಕರು ಅದನ್ನು ತಂದು ಖಾಝಿಯ ಅಂಗಳದಲ್ಲಿ ಬಿಟ್ಟು ಹೋಗುತ್ತಿದ್ದರು. ತೋಟವನ್ನು ಮಾರಿ ತಿಂದವರೂ ಬೆಕ್ಕನ್ನು ಬಿಟ್ಟು ಹೋದವರೂ ಕ್ರೂರಿಗಳೇ ಆಗಿದ್ದರೆಂದು ಹೇಳಲಾಗದು. ಬೆಕ್ಕು ಶುದ್ಧ, ಅದಕ್ಕೆ ಅನ್ನ ಕೊಡುವುದು ಪುಣ್ಯವೆಂದು ಅವರಿಗೂ ಗೊತ್ತಿತ್ತು. ಆ ಪುಣ್ಯದ ದಿನನಿತ್ಯದ ಕಷ್ಟ ಮಾತ್ರ ಬೇರೆ ಯಾರದೋ ಪಾಲಿಗಿರಲಿ ಎಂದು ಅವರು ಬಯಸಿದರು. ಒಂದು ಸತ್ಕಾರ್ಯ ಬೀಳುವುದು ದ್ವೇಷದಿಂದಲ್ಲ, ಹೊಣೆಯನ್ನು ಕೈಯಿಂದ ಕೈಗೆ ದಾಟಿಸುವುದರಿಂದ.

ಇಂದಿನ ಅಂಗಳಗಳು

ನಮ್ಮ ಕಾಲದಲ್ಲಿ ಆ ಅಂಗಳದ ಕೆಲಸವನ್ನು ಮಾಡುತ್ತಿರುವವರು ಸ್ವಯಂಸೇವಕರು. ಸಿರಿಯಾದ ಯುದ್ಧದ ದಿನಗಳಲ್ಲಿ ಅಲೆಪ್ಪೋ ನಗರದ ಮುಹಮ್ಮದ್ ಅಲಾ ಅಲ್ ಜಲೀಲ್ ಎಂಬವರು ಜಗತ್ತಿಗೆ ಪರಿಚಿತರಾದರು. ಎಲೆಕ್ಟ್ರಿಷಿಯನ್ ಆಗಿದ್ದ ಅವರು ಬಾಂಬ್ ದಾಳಿಗೆ ಸಿಕ್ಕಿದವರನ್ನು ಆಂಬುಲೆನ್ಸಿನಲ್ಲಿ ಸಾಗಿಸುತ್ತಲೇ, ಊರು ಬಿಟ್ಟು ಹೋದವರ ಬೆಕ್ಕುಗಳಿಗೂ ಅನ್ನ ಹಾಕತೊಡಗಿದರು. ಅವರ ಆಶ್ರಯಧಾಮವು 2016ರಲ್ಲಿ ದಾಳಿಗೆ ತುತ್ತಾಗಿ ನಾಶವಾಯಿತು. ನಗರದಾಚೆ ಅವರು ಮತ್ತೊಂದನ್ನು ಕಟ್ಟಿದರು. ‘ಮನುಷ್ಯರೇ ಸಾಯುತ್ತಿರುವಾಗ ಬೆಕ್ಕುಗಳ ಚಿಂತೆ ಏಕೆ?’ ಎಂದು ಕೇಳುವವರಿಗೆ ಅವರ ಬದುಕೇ ಉತ್ತರವಾಗಿದೆ. ಗಾಯಗೊಂಡ ಮನುಷ್ಯನನ್ನು ಎತ್ತಿದ ಕೈಗಳೇ ಬೆಕ್ಕನ್ನೂ ಎತ್ತಿದವು.

ನಮ್ಮ ಊರುಗಳ ಸ್ವಯಂಸೇವಕರು ಯುದ್ಧಭೂಮಿಯಲ್ಲಿಲ್ಲ. ಆದರೆ ಅವರಲ್ಲಿ ಅನೇಕರು ತಮ್ಮ ಮನೆಯ ಒಂದು ಕೋಣೆಯಲ್ಲಿ, ತಮ್ಮ ಸಂಬಳದ ಹಣದಲ್ಲಿ ಈ ಕೆಲಸ ಮಾಡುತ್ತಾರೆ. ಅವರಿಂದ ಮರಿಯನ್ನು ತರುವವನು ಆ ಅಂಗಳದ ಭಾರದಲ್ಲಿ ಒಂದು ಪಾಲನ್ನು ತನ್ನ ಹೆಗಲಿಗೆ ತೆಗೆದುಕೊಳ್ಳುತ್ತಾನೆ. ಆರು ತಿಂಗಳ ನಂತರ ಅದನ್ನು ಮಾರುಕಟ್ಟೆಯ ಬಳಿ ಬಿಟ್ಟು ಬರುವವನು ಆ ಭಾರವನ್ನು ಇಮ್ಮಡಿಗೊಳಿಸುತ್ತಾನೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ತೊರೆಯುವುದು ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ. ಹೀಗೆ ತೊರೆಯಲು ಒಂದು ದೊಡ್ಡ ಕಾರಣ ರೋಗದ ಭಯ. ಆದುದರಿಂದ ರೋಗಗಳ ವಿಷಯವನ್ನು ಮರಿ ತಂದ ಮೇಲಲ್ಲ, ತರುವ ಮೊದಲೇ ತಿಳಿದಿರಬೇಕು.

ಶುದ್ಧಿ ಬೇರೆ, ಆರೋಗ್ಯ ಬೇರೆ

ಬೆಕ್ಕು ಬಾಯಿ ಹಾಕಿದ ನೀರು ಶುದ್ಧವೆಂಬುದು ಕರಾವಳಿಯ ಜನರು ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್‌ಹಬಿನ ನಿಲುವು. ಅದು ಶುದ್ಧವೇ ಆದರೂ ಬೇರೆ ನೀರಿರುವಾಗ ಬಳಸುವುದು ಲಘುವಾದ ಮಕ್ರೂಹ್ ಎಂಬುದು ಇಮಾಮ್ ಅಬೂ ಹನೀಫಾರ ಅಭಿಪ್ರಾಯ. ಆದರೆ ಇಲಿಯನ್ನು ತಿಂದು ರಕ್ತ ಮೆತ್ತಿದ ಬಾಯಿಯಿಂದ ಕೂಡಲೇ ನೀರು ಕುಡಿದರೆ ಆ ನೀರು ಅಶುದ್ಧವಾಗುತ್ತದೆಂದು ಹನಫೀ ಗ್ರಂಥಗಳು ಸ್ಪಷ್ಟವಾಗಿ ಹೇಳುತ್ತವೆ. ಬೆಕ್ಕಿನ ಮಲಮೂತ್ರಗಳಂತೂ ಎರಡೂ ಮದ್‌ಹಬ್‌ಗಳಲ್ಲಿ ನಜಸ್. ಅಂದರೆ ಪ್ರಾಣಿ ಬೇರೆ, ಅದಕ್ಕೆ ಅಂಟಿಕೊಂಡದ್ದು ಬೇರೆ ಎಂಬ ವಿವೇಕ ನಮ್ಮ ಪೂರ್ವಿಕ ವಿದ್ವಾಂಸರಲ್ಲಿತ್ತು. ಇದು ನಮಾಝಿಗೆ ಸಂಬಂಧಿಸಿದ ವಿಧಿಯೇ ಹೊರತು ವೈದ್ಯಶಾಸ್ತ್ರವಲ್ಲ. ಶುದ್ಧವೆಂಬ ಮಾತನ್ನು ರೋಗರಹಿತವೆಂದು ಅರ್ಥೈಸುವುದು ತಪ್ಪು. ಆದರೂ ಅದೇ ವಿವೇಕ ಆರೋಗ್ಯದ ವಿಷಯದಲ್ಲಿಯೂ ನಮಗೆ ಬೇಕು.

ಬೆಕ್ಕಿಗೆ ಸಂಬಂಧಿಸಿದಂತೆ ಅತ್ಯಂತ ಹೆಚ್ಚು ಭಯ ಹುಟ್ಟಿಸಿದ ರೋಗ ಟಾಕ್ಸೊಪ್ಲಾಸ್ಮೋಸಿಸ್. ಇದರ ಪರೋಪಜೀವಿಯನ್ನು 1908ರಲ್ಲಿ ಟ್ಯೂನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮಾನ್ಸೋ ಅವರು ಉತ್ತರ ಆಫ್ರಿಕಾದ ‘ಗುಂಡಿ’ ಎಂಬ ದಂಶಕ ಪ್ರಾಣಿಯಲ್ಲಿ ಕಂಡರು. ಅದೇ ವರ್ಷ ಬ್ರೆಜಿಲಿನಲ್ಲಿ ಮೊಲದಲ್ಲಿಯೂ ಅದು ಪತ್ತೆಯಾಯಿತು. ಅದು ತಾಯಿಯಿಂದ ಗರ್ಭದ ಶಿಶುವಿಗೆ ದಾಟಬಲ್ಲದೆಂಬುದು 1930ರ ದಶಕದ ಕೊನೆಗೆ ತಿಳಿಯಿತು. ಆ ಜೀವಿಯ ಪೂರ್ಣ ಬೆಳವಣಿಗೆ ನಡೆಯುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಎಂಬುದು ದೃಢಪಟ್ಟದ್ದು 1970ರ ಸುಮಾರಿಗೆ. ಹೀಗೆ ಒಂದು ರೋಗದ ದಾರಿಯನ್ನು ತಿಳಿಯಲು ವಿದ್ವಾಂಸರಿಗೆ 60 ವರ್ಷಗಳು ಹಿಡಿದವು. ಆ ಜ್ಞಾನ ನಮಗೆ ಹೇಳುವುದೇನು?

ಇಲಿ, ಹಕ್ಕಿ ಅಥವಾ ಹಸಿ ಮಾಂಸವನ್ನು ತಿಂದ ಬೆಕ್ಕಿಗೆ ಸೋಂಕು ತಗಲುತ್ತದೆ. ಮೊದಲ ಸೋಂಕಿನ ನಂತರ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ಕಾಲ ಅದರ ಮಲದಲ್ಲಿ ರೋಗಬೀಜಗಳು ಹೊರಬರುತ್ತವೆ. ಅವು ಹೊರಬಿದ್ದ ಕೂಡಲೇ ಅಪಾಯಕಾರಿಯಲ್ಲ. ಒಂದರಿಂದ ಐದು ದಿನಗಳಲ್ಲಿ ಆಗುತ್ತವೆ. ಆದುದರಿಂದ ಬೆಕ್ಕಿನ ಮಲದ ತಟ್ಟೆಯನ್ನು ಪ್ರತಿದಿನವೂ ಸ್ವಚ್ಛಗೊಳಿಸುವ ಮನೆಯಲ್ಲಿ ಅಪಾಯ ಬಹಳ ಕಡಿಮೆ. ಬೆಕ್ಕಿನ ಮೈ ಸವರಿದ ಮಾತ್ರಕ್ಕೆ ಈ ರೋಗ ಬರುವ ಸಂಭವ ತೀರಾ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ ಮತ್ತು ಮಣ್ಣು ಮೆತ್ತಿದ ಕೈಗಳಿಂದಲೂ ಇದು ಬರುತ್ತದೆ. ಬೆಕ್ಕನ್ನು ಓಡಿಸಿ, ಬಕ್ರೀದಿನ ಮಾಂಸವನ್ನು ಅರೆಬೆಂದಂತೆ ತಿನ್ನುವ ಮನೆ ಸುರಕ್ಷಿತವಲ್ಲ.

ಹೆಚ್ಚಿನ ಆರೋಗ್ಯವಂತರಿಗೆ ಈ ಸೋಂಕಿನಿಂದ ವಿಶೇಷ ತೊಂದರೆಯಾಗುವುದಿಲ್ಲ. ಆದರೆ ಗರ್ಭಿಣಿಗೆ ಗರ್ಭಾವಸ್ಥೆಯಲ್ಲಿ ಮೊದಲ ಬಾರಿಗೆ ಸೋಂಕು ತಗಲಿದರೆ ಗರ್ಭಪಾತವಾಗಬಹುದು, ಶಿಶುವಿನ ಕಣ್ಣು ಮತ್ತು ಮೆದುಳಿಗೆ ಹಾನಿಯಾಗಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಗರ್ಭಿಣಿಯಿರುವ ಮನೆಯಲ್ಲಿ ಬೆಕ್ಕಿನ ಮಲ ತೆಗೆಯುವ ಕೆಲಸವನ್ನು ಪತಿ, ಅತ್ತೆ, ಮೈದುನ, ಯಾರಾದರೂ ಇನ್ನೊಬ್ಬರು ವಹಿಸಿಕೊಳ್ಳಬೇಕು. ಆಕೆ ಹಿತ್ತಲಿನ ಮಣ್ಣಿನ ಕೆಲಸವನ್ನು ಕೈಗವಸಿಲ್ಲದೆ ಮಾಡಬಾರದು. ವೈದ್ಯರೊಡನೆ ಈ ವಿಷಯ ಮಾತನಾಡಬೇಕು. ರಕ್ತಪರೀಕ್ಷೆಯಿಂದ ಹಳೆಯ ಸೋಂಕು ಇದೆಯೇ ಎಂಬುದು ತಿಳಿಯುತ್ತದೆ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಇಂಥದೇ ಎಚ್ಚರ ವಹಿಸಬೇಕು. ಮನೆಯಲ್ಲಿ ಈ ಕೆಲಸ ಹಂಚಿಕೊಳ್ಳಲು ಇನ್ನೊಬ್ಬರು ಸಿದ್ಧರಿಲ್ಲವಾದರೆ, ಮರಿ ತರುವುದನ್ನು ಹೆರಿಗೆಯ ನಂತರಕ್ಕೆ ಮುಂದೂಡುವುದೇ ವಿವೇಕ.

ಮರಿಗಳಿಂದ ಬರುವ ಇತರ ರೋಗಗಳೂ ಇವೆ. ಬೀದಿಯಿಂದ ಬಂದ ಮರಿಗಳಲ್ಲಿ ಹುಳಕಡ್ಡಿ ಸಾಮಾನ್ಯ. ಮರಿಯ ಕಿವಿ, ಮೂತಿಗಳಲ್ಲಿ ಕೂದಲು ಉದುರಿದ ದುಂಡನೆಯ ಕಲೆಗಳಿದ್ದರೆ ಪಶುವೈದ್ಯರಿಗೆ ತೋರಿಸಿದ ಬಳಿಕವೇ ಮಕ್ಕಳ ಕೈಗೆ ಕೊಡಬೇಕು. ಚಿಗಟಗಳಿರುವ ಮರಿ ಪರಚಿದಾಗ ಕೆಲವರಿಗೆ ಜ್ವರ ಬಂದು ಕಂಕುಳು ಅಥವಾ ಕುತ್ತಿಗೆಯ ಗಂಟುಗಳು ಊದಿಕೊಳ್ಳುತ್ತವೆ. ಆದುದರಿಂದ ಚಿಗಟಗಳಿಗೆ ಔಷಧಿ ಹಾಕಿಸಬೇಕು. ಮರಿಯ ಹೊಟ್ಟೆಯ ಜಂತುಗಳ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಬಾಯಿ ಸೇರಬಹುದು. ಜಂತುಹುಳದ ಔಷಧಿ ಮತ್ತು ಊಟದ ಮುಂಚೆ ಸೋಪಿನಿಂದ ಕೈತೊಳೆಯುವ ಅಭ್ಯಾಸ ಇವೆರಡೂ ಅಗತ್ಯ.

ಎಲ್ಲಕ್ಕಿಂತ ಭೀಕರವಾದುದು ರೇಬೀಸ್. ನಮ್ಮ ದೇಶದಲ್ಲಿ ಇದು ಬಹುಪಾಲು ನಾಯಿಯಿಂದ ಬರುತ್ತದೆ, ಆದರೆ ಬೆಕ್ಕಿನಿಂದಲೂ ಬರಬಲ್ಲದು. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಸಿಕೆಯ ಇತಿಹಾಸ ಗೊತ್ತಿಲ್ಲದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿಗಳನ್ನು ಹಚ್ಚಬಾರದು. ದುಆ ಮಾಡಬೇಕು, ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡುವ ಪಾಠವನ್ನು ಮದ್ರಸದ ಮಕ್ಕಳೂ ಬಲ್ಲರು.

ಮರಿಯನ್ನು ತರುವಾಗ

ತಾಯಿಯ ಮಡಿಲಲ್ಲಿರುವ ಮರಿಯನ್ನು ಎಂಟು ವಾರಗಳು ತುಂಬುವ ಮೊದಲು ಬೇರ್ಪಡಿಸಬಾರದು. ಎಷ್ಟು ವಾರದ ಮರಿ, ಜಂತಿನ ಔಷಧಿ ಕೊಟ್ಟಿದೆಯೇ, ಯಾವ ಲಸಿಕೆಗಳು ಆಗಿವೆ ಎಂದು ಸ್ವಯಂಸೇವಕರನ್ನು ಕೇಳಿ, ಪಶುವೈದ್ಯರ ಚೀಟಿಯನ್ನು ಪಡೆಯಬೇಕು. ಬೆಕ್ಕುಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಆರಂಭವಾಗಿ ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದುವರಿಯುತ್ತದೆ. ರೇಬೀಸ್ ಲಸಿಕೆ ಸುಮಾರು ಮೂರು ತಿಂಗಳಿಗೆ. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಎರಡು ವಾರಗಳಾದರೂ ಬೇರೆ ಕೋಣೆಯಲ್ಲಿಡಬೇಕು. ಏಕೆಂದರೆ ಮರಿಗಳನ್ನು ಸಾಲಾಗಿ ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ರೋಗ ಬೆಕ್ಕಿನಿಂದ ಬೆಕ್ಕಿಗೆ ಬೇಗ ಹರಡುತ್ತದೆ. ಅದು ಮನುಷ್ಯರಿಗೆ ಬರುವುದಿಲ್ಲ. ಮಾಂಸದ ಅಂಗಡಿಯ ಶ್ವಾಸಕೋಶ, ಕರುಳುಗಳನ್ನು ಹಾಕುವವರು ಬೇಯಿಸಿಯೇ ಹಾಕಬೇಕು. ಮಹಡಿಯ ಮನೆಯಾದರೆ ಬಾಲ್ಕನಿಗೆ ಬಲೆ ಕಟ್ಟಿಸಬೇಕು.

ಬೆಕ್ಕಿನ ಬೆಲೆಯನ್ನು ನಿಷೇಧಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಬಹುತೇಕ ವಿದ್ವಾಂಸರು ಅದನ್ನು ವ್ಯಾಖ್ಯಾನಿಸಿ ಮಾರಾಟಕ್ಕೆ ಅನುಮತಿ ನೀಡಿದ್ದರೂ, ಬೆಲೆಯಿಲ್ಲದೆ ಆಶ್ರಯ ಕೊಡುವ ದಾರಿ ಈ ಭಿನ್ನಾಭಿಪ್ರಾಯದಿಂದ ಹೊರಗಿದೆ. ಸ್ವಯಂಸೇವಕರು ಲಸಿಕೆಯ ಖರ್ಚು ಕೇಳಿದರೆ ಅದು ಬೆಲೆಯಲ್ಲ, ಕೊಡಬೇಕು. ಸಂತಾನಹರಣ ಚಿಕಿತ್ಸೆಯ ಬಗ್ಗೆ ಪ್ರಶ್ನೆ ಬರುತ್ತದೆ. ಔರಂಗಝೇಬನ ಕಾಲದಲ್ಲಿ ಸಂಪಾದಿಸಲಾದ ಫತಾವಾ ಆಲಂಗೀರಿಯಲ್ಲಿ, ಪ್ರಯೋಜನವಿದ್ದರೆ ಅಥವಾ ಹಾನಿ ತಡೆಯುವುದಾದರೆ ಬೆಕ್ಕಿನ ಬೀಜ ತೆಗೆಸುವುದರಲ್ಲಿ ದೋಷವಿಲ್ಲವೆಂಬ ಮಾತಿದೆ. ಶಾಫಿಈ ಗ್ರಂಥಗಳ ನಿಲುವು ಇದಕ್ಕಿಂತ ಬಿಗಿಯಾದುದು; ಆ ಮದ್‌ಹಬಿನವರು ತಮ್ಮ ಉಸ್ತಾದರನ್ನು ವಿಚಾರಿಸಿ ನಡೆಯಲಿ. ಆದರೆ ಚಿಕಿತ್ಸೆಯನ್ನೂ ಮಾಡಿಸದೆ, ಹುಟ್ಟಿದ ಮರಿಗಳನ್ನು ಚೀಲದಲ್ಲಿ ಕಟ್ಟಿ ಮಸೀದಿಯ ಗೇಟಿನ ಬಳಿ ಬಿಟ್ಟು ಬರುವುದಕ್ಕೆ ಯಾವ ಮದ್‌ಹಬಿನಲ್ಲಿಯೂ ಅನುಮತಿಯಿಲ್ಲ.

ಬೈಬರ್ಸ್‌ನ ತೋಟ ಇಂದಿಲ್ಲ. ಒಬ್ಬ ಸುಲ್ತಾನನ ವಿಶಾಲ ತೋಟವನ್ನು ನಿಲ್ಲಿಸಿಕೊಳ್ಳಲು ಒಂದು ಮಹಾನಗರಕ್ಕೆ ಸಾಧ್ಯವಾಗಲಿಲ್ಲ, ಏಕೆಂದರೆ ದಿನದ ಕೆಲಸವನ್ನು ದಿನವೂ ಮಾಡುವ ಕೈಗಳು ಕಡಿಮೆಯಾದವು. ನಮ್ಮಲ್ಲಿ ತೋಟವಿಲ್ಲದಿರಬಹುದು; ಒಂದು ಬಟ್ಟಲು ನೀರು, ದಿನವೂ ತೊಳೆದ ಒಂದು ತಟ್ಟೆ, ಹೊತ್ತಿಗೆ ಹಾಕಿಸಿದ ಒಂದು ಲಸಿಕೆ ಇವುಗಳನ್ನು ಒದಗಿಸುವ ಸಾಮರ್ಥ್ಯ ಅನೇಕ ಮನೆಗಳಿಗಿದೆ. ಅಷ್ಟನ್ನು ಹತ್ತು ಹದಿನೈದು ವರ್ಷ ಮಾಡಲು ಸಿದ್ಧರಿರುವವರು ಬಿಸ್ಮಿಲ್ಲಾ ಹೇಳಿ ಮರಿಯನ್ನು ತರಲಿ. ಸಿದ್ಧರಿಲ್ಲದವರು ಸ್ವಯಂಸೇವಕರಿಗೆ ಒಂದು ಚೀಲ ಅಕ್ಕಿಯನ್ನೋ ಒಂದು ಮರಿಯ ಲಸಿಕೆಯ ಖರ್ಚನ್ನೋ ಕೊಟ್ಟು ಆ ಅಂಗಳದ ಭಾರವನ್ನು ಹಗುರಗೊಳಿಸಲಿ. ನಮ್ಮ ಸುತ್ತ ಸುಳಿದಾಡುವ ಈ ಮೂಕ ಜೀವಿಗಳ ವಿಷಯದಲ್ಲಿ ಅಮಾನತನ್ನು ಕಾಪಾಡುವವರ ಸಾಲಿಗೆ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ, ಆಮೀನ್.